ಎಣ್ಣೆ ಮಿಲ್ಲಿಂದ ರಿಯಾಕ್ಟರ್‌ವರೆಗೆ: ನನ್ನಿವಾಳದ ಬಿಎಸ್ಸಿ ಹುಡುಗರು ಕೆಮಿಸ್ಟ್ ಕೆಲಸಕ್ಕೆ ಬಸ್ ಹತ್ತೋ ಮುಂಚೆ

ನನ್ನಿವಾಳ (ಚಳ್ಳಕೆರೆ ತಾ.): ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿದ ಹಳ್ಳಿ ಹುಡುಗರ ಮುಂದೆ ಇವತ್ತು ಸಾಮಾನ್ಯವಾಗಿ ಮೂರು ದಾರಿ. ಬಿಎಡ್ ಮಾಡಿ ಟಿಇಟಿ ಬರೆದು ಶಿಕ್ಷಕರ ನೇಮಕಾತಿಗೆ ಕಾಯೋದು ಒಂದು. ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡೋದು ಇನ್ನೊಂದು. ಇದೆರಡೂ ಬೇಡ ಅಂದ್ರೆ ಸೀನಿಯರ್ ಕೊಟ್ಟ ನಂಬರಿಗೆ ಬಯೋಡೇಟಾ ಕಳಿಸಿ ಬೀದರ್, ಜಿಗಣಿ, ನಂಜನಗೂಡು, ಹೈದರಾಬಾದ್ ಕಡೆಯ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ ಬಸ್ ಹತ್ತೋದು.

ಮೊದಲ ಎರಡರ ಬಗ್ಗೆ ಮನೆಯವರಿಗೂ ಗೊತ್ತಿದೆ. ಮೂರನೇದರ ಬಗ್ಗೆ ಕೇಳಿದ್ರೆ "ನಮ್ ಹುಡುಗ ಕಂಪನಿಲಿ ಅವ್ನೆ" ಅನ್ನೋದಷ್ಟೇ ಉತ್ತರ. ಒಳಗೆ ಏನು ಕೆಲಸ, ಹತ್ತು ವರ್ಷ ಆದ್ಮೇಲೆ ಎಲ್ಲಿಗೆ ಮುಟ್ಟುತ್ತಾನೆ, ಜೀವಕ್ಕೆ ಅಪಾಯ ಎಷ್ಟು ಅನ್ನೋದು ಹುಡುಗನಿಗೂ ಸೇರಿದ ಮೇಲೇ ತಿಳಿಯೋದು. ಅಷ್ಟೊತ್ತಿಗೆ ಎರಡು ಮೂರು ವರ್ಷ ಹೋಗಿರುತ್ತೆ.

ಚಳ್ಳಕೆರೆಗೆ ಇದು ಹೊಸ ಕಸುಬಲ್ಲ

ಕಚ್ಚಾ ಮಾಲನ್ನ ಒಂದು ಕಡೆ ಹಾಕಿ, ಶಾಖ, ಒತ್ತಡ, ರಾಸಾಯನಿಕ ಲೆಕ್ಕ ಹಿಡಿದು ಇನ್ನೊಂದು ಕಡೆ ಬೆಲೆ ಬಾಳೋ ಮಾಲು ತೆಗೆಯೋದೇ ಪ್ರೊಸೆಸ್ ಕೆಮಿಸ್ಟ್ರಿ. ಆ ಲೆಕ್ಕದಲ್ಲಿ ನೋಡಿದ್ರೆ ಎಣ್ಣೆ ನಗರಿ ಅಂತ ಹೆಸರಾದ ಚಳ್ಳಕೆರೆ ದಶಕಗಳ ಕಾಲ ಮಾಡಿದ್ದೂ ಇದನ್ನೇ.

ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇರುತ್ತೆ. ಮಿಲ್ಲಿನಲ್ಲಿ ಹಿಂಡಿದ ಮೇಲೂ ಹಿಂಡಿಯಲ್ಲಿ ಶೇ 6ರಿಂದ 8ರಷ್ಟು ಉಳಿಯುತ್ತೆ. ಅದನ್ನ ಹೆಕ್ಸೇನ್ ದ್ರಾವಕದಲ್ಲಿ ತೊಳೆದು ತೆಗೆದ್ರೆ ಶೇ 1ಕ್ಕಿಂತ ಕೆಳಗೆ ಇಳಿಯುತ್ತೆ. ಬಂದ ಎಣ್ಣೆಗೆ ಅಂಟು ತೆಗೆಯೋದು, ಕಾಸ್ಟಿಕ್ ಸೋಡಾದಿಂದ ಆಮ್ಲ ಇಳಿಸೋದು, ಬ್ಲೀಚಿಂಗ್ ಮಣ್ಣಿನಲ್ಲಿ ಬಣ್ಣ ತೆಗೆಯೋದು, ನಿರ್ವಾತದಲ್ಲಿ 200 ಡಿಗ್ರಿ ದಾಟಿಸಿ ವಾಸನೆ ತೆಗೆಯೋದು ಅಂತ ನಾಲ್ಕು ಹಂತದ ಶುದ್ಧೀಕರಣ. ಪ್ರತಿ ಹಂತದಲ್ಲೂ ಸ್ಯಾಂಪಲ್ ತೆಗೆದು ಟೈಟ್ರೇಷನ್ ಮಾಡಿ "ಮುಂದಕ್ಕೆ ಬಿಡಿ" ಅನ್ನೋನು ಕೆಮಿಸ್ಟ್. ಡಿಗ್ರಿ ಲ್ಯಾಬ್‌ನಲ್ಲಿ ಬ್ಯುರೆಟ್ ಹಿಡಿದ ಹುಡುಗನಿಗೆ ಇದು ಹೊಸದೇನಲ್ಲ.

ಆದ್ರೆ ಆ ಕೆಲಸ ಊರಲ್ಲಿ ಬೆಳೀಲಿಲ್ಲ. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಮಾರುಕಟ್ಟೆ ತುಂಬಿತು. ಇವತ್ತು ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ. ದೊಡ್ಡ ರಿಫೈನರಿಗಳು ಬಂದರಿನ ಪಕ್ಕ ಎದ್ದವು. ಇತ್ತ ಮಳೆ ಕಮ್ಮಿ, ಶೇಂಗಾ ಇಳುವರಿ ಕಮ್ಮಿ. ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಿಲ್ಲು ಮುಚ್ಚಿದಾಗ ಹಮಾಲರ ಕೆಲಸ ಹೋಯ್ತು ಅನ್ನೋದು ಎಲ್ಲರಿಗೂ ಕಾಣಿಸ್ತು. ಮುಂದೆ ಬರಬಹುದಾಗಿದ್ದ ಕೆಮಿಸ್ಟ್ ಕೆಲಸಾನೂ ಅದರ ಜೊತೆಗೇ ಹೋಯ್ತು ಅನ್ನೋದು ಕಾಣಿಸಲಿಲ್ಲ.

ಫ್ಲಾಸ್ಕ್ ಬೇರೆ, ರಿಯಾಕ್ಟರ್ ಬೇರೆ

ಈಗಿನ ಪ್ರೊಸೆಸ್ ಕೆಮಿಸ್ಟ್ ಮಾಡೋದೇನು? ಸಂಶೋಧಕರು ಒಂದು ಲೀಟರ್ ಫ್ಲಾಸ್ಕಿನಲ್ಲಿ ಮಾಡಿ ತೋರಿಸಿದ ಔಷಧವನ್ನ ಸಾವಿರಾರು ಲೀಟರ್ ರಿಯಾಕ್ಟರ್‌ನಲ್ಲಿ ದಿನಾ ಒಂದೇ ಗುಣಮಟ್ಟದಲ್ಲಿ, ಕಡಿಮೆ ಖರ್ಚಲ್ಲಿ, ಬೆಂಕಿ ಹತ್ತದ ಹಾಗೆ ಮಾಡೋ ವಿಧಾನ ಕಟ್ಟೋದು.

ಹೇಳೋಕೆ ಸುಲಭ. ನಾಲ್ಕು ಜನಕ್ಕೆ ಸಾರು ಮಾಡೋ ಅಳತೆಯನ್ನ ಸಾವಿರದಿಂದ ಗುಣಿಸಿ ನಾಯಕನಹಟ್ಟಿ ಜಾತ್ರೆಯ ಕೊಪ್ಪರಿಗೆಗೆ ಹಾಕಿದ್ರೆ ಸಾರು ಆಗಲ್ಲ ಅನ್ನೋದು ಅಡುಗೆ ಭಟ್ಟರಿಗೆ ಗೊತ್ತು. ಇಲ್ಲೂ ಅಷ್ಟೇ. ಒಂದು ಲೀಟರ್ ಪಾತ್ರೆಯನ್ನ ಅದೇ ಆಕಾರದಲ್ಲಿ 1,000 ಲೀಟರ್‌ಗೆ ದೊಡ್ಡದು ಮಾಡಿದ್ರೆ ಒಳಗಿನ ಮಾಲು 1,000 ಪಟ್ಟು ಆಗುತ್ತೆ, ಶಾಖ ಹೊರಗೆ ಬಿಡೋ ಮೈ ಮಾತ್ರ 100 ಪಟ್ಟು. ಫ್ಲಾಸ್ಕಿನಲ್ಲಿ ತಾನೇ ತಣ್ಣಗಾಗುತ್ತಿದ್ದ ಕ್ರಿಯೆ ರಿಯಾಕ್ಟರ್‌ನಲ್ಲಿ ಕೈ ಮೀರಿ ಹೋಗಬಹುದು. ಅದಕ್ಕೇ ಎಷ್ಟು ಗಂಟೆಯಲ್ಲಿ ಎಷ್ಟು ಮಾಲು ಬಿಡಬೇಕು, ಎಷ್ಟು ಡಿಗ್ರಿಗೆ ನಿಲ್ಲಿಸಬೇಕು, ಕೂಲಿಂಗ್ ನಿಂತ್ರೆ ಏನು ಮಾಡಬೇಕು ಅನ್ನೋದೆಲ್ಲ ಮೊದಲೇ ಬರೆದಿರಬೇಕು.

ದುಡ್ಡಿನ ಲೆಕ್ಕವೂ ಇಲ್ಲೇ ಇದೆ. ಒಂದು ಔಷಧಕ್ಕೆ ಆರು ಹಂತ, ಪ್ರತಿ ಹಂತದಲ್ಲಿ ಶೇ 90 ಇಳುವರಿ ಅಂದ್ರೆ ಕೊನೆಗೆ ಸಿಗೋದು ಶೇ 53 ಮಾತ್ರ. ಪ್ರತಿ ಹಂತವನ್ನ ಶೇ 95ಕ್ಕೆ ಏರಿಸಿದ್ರೆ ಶೇ 73.5 ಆಗುತ್ತೆ. ಆ ಐದೈದು ಪರ್ಸೆಂಟ್ ತರೋನಿಗೇ ಕಂಪನಿಯಲ್ಲಿ ಬೆಲೆ.

ಮೊದಲ ಬಾಗಿಲು ಯಾವುದು?

ಕಾರ್ಖಾನೆಗೆ ಹೋಗೋ ಎಲ್ಲರೂ ಈ ಕೆಲಸಕ್ಕೇ ಹೋಗಲ್ಲ. ಬಿಎಸ್ಸಿಯವರಿಗೆ ಸಾಮಾನ್ಯವಾಗಿ ಎರಡು ಬಾಗಿಲು. ಒಂದು ಕ್ಯೂಸಿ, ಅಂದ್ರೆ ಗುಣಮಟ್ಟ ಪರೀಕ್ಷೆ ಲ್ಯಾಬ್. ಎಸಿ ರೂಮು, ಎಚ್‌ಪಿಎಲ್‌ಸಿ ಮಷೀನು, ಕೈ ಕೊಳೆಯಾಗಲ್ಲ. ಇನ್ನೊಂದು ಪ್ರೊಡಕ್ಷನ್. ಮೂರು ಪಾಳಿ, ಬಿಸಿ, ದ್ರಾವಕದ ವಾಸನೆ, ಡ್ರಮ್ಮು, ಸೆಂಟ್ರಿಫ್ಯೂಜು. ಹುಡುಗರು ಮುಗಿಬೀಳೋದು ಕ್ಯೂಸಿಗೆ. ಪ್ಲಾಂಟ್ ಹೇಗೆ ನಡೆಯುತ್ತೆ ಅಂತ ಕಲಿಯೋದು ಮಾತ್ರ ಪ್ರೊಡಕ್ಷನ್‌ನಲ್ಲಿ. ಅಲ್ಲಿ ನಿಂತವನು ಟ್ರೈನಿಯಿಂದ ಕೆಮಿಸ್ಟ್, ಶಿಫ್ಟ್ ಇನ್‌ಚಾರ್ಜ್, ಬ್ಲಾಕ್ ಇನ್‌ಚಾರ್ಜ್ ಅಂತ ಮೇಲೇರೋ ದಾರಿ ಇದೆ. ಒಂದರಿಂದ ಇನ್ನೊಂದಕ್ಕೆ ಹಾರೋದು ವರ್ಷ ಕಳೆದಂತೆ ಕಷ್ಟ.

ವಿಧಾನ ಕಟ್ಟೋ ಆರ್ ಅಂಡ್ ಡಿ ಬಾಗಿಲಿಗೆ ಸಾಮಾನ್ಯವಾಗಿ ಎಂಎಸ್ಸಿ ಬೇಕು, ಅದರಲ್ಲೂ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಬೇಡಿಕೆ. ಹತ್ತಿರದಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಕೆಮಿಸ್ಟ್ರಿಗೇ ಪ್ರತ್ಯೇಕ ಸ್ನಾತಕೋತ್ತರ ವಿಭಾಗ ಇದೆ. ಮನೆಯಲ್ಲಿ ಎರಡು ವರ್ಷ ತಾಳಿಕೊಳ್ಳೋ ಶಕ್ತಿ ಇದ್ದವರು ಕಂಪನಿಗೆ ಓಡೋ ಮುಂಚೆ ಈ ಲೆಕ್ಕ ಹಾಕಬೇಕು.

ಹೆಣ್ಣುಮಕ್ಕಳ ವಿಷಯಾನೂ ಇದೆ. ಬಿಎಸ್ಸಿ ಕ್ಲಾಸಲ್ಲಿ ಕೂರೋ ಹುಡುಗಿಯರು ಕಡಿಮೆ ಏನಿಲ್ಲ, ಪ್ಲಾಂಟ್‌ನಲ್ಲಿ ಕಾಣೋರು ಕಡಿಮೆ. 2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿ, ಸುರಕ್ಷತೆಯ ಷರತ್ತಿನ ಮೇಲೆ ಮಹಿಳೆಯರ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಕಾಗದದಲ್ಲಿ ಅವಕಾಶ ಇದ್ರೂ ರಾತ್ರಿ ವಾಹನ, ಹಾಸ್ಟೆಲ್ ಇಲ್ಲದೆ ನನ್ನಿವಾಳದಂಥ ಊರಿಂದ ಯಾವ ತಾಯಿ ತಾನೇ ಕಳಿಸ್ತಾಳೆ?

ಸಹಿ ಹಾಕೋ ಕೈ

ಔಷಧ ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿಗೂ ಒಂದು ದಾಖಲೆ ಪುಸ್ತಕ, ಬಿಎಂಆರ್ ಅಂತಾರೆ. ಎಷ್ಟೊತ್ತಿಗೆ ಏನು ಹಾಕಿದ್ರು, ತಾಪಮಾನ ಎಷ್ಟಿತ್ತು, ಯಾರು ನೋಡಿದ್ರು ಅಂತ ಬರೆದು ಸಹಿ ಹಾಕಬೇಕು. ಟಾರ್ಗೆಟ್ ಒತ್ತಡ ಇದ್ದಾಗ "ಆಮೇಲೆ ತುಂಬಿದ್ರಾಯ್ತು" ಅನ್ನೋ ಮಾತು ಬರುತ್ತೆ. ತಪಾಸಣೆ ಬಂದಾಗ ಆ ಪುಟದಲ್ಲಿ ಇರೋದು ಮ್ಯಾನೇಜರ್ ಸಹಿ ಒಂದೇ ಅಲ್ಲ, ಟ್ರೈನಿ ಹುಡುಗನ ಸಹಿನೂ.

ಇದು ಬರೀ ಕಾಗದದ ಮಾತೂ ಅಲ್ಲ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಲಾಕ್‌ಡೌನ್ ಕಾರಣ ಸುಮ್ಮನೆ ನಿಂತಿದ್ದ ಸ್ಟೈರೀನ್ ಟ್ಯಾಂಕ್ ಒಳಗೊಳಗೇ ಬಿಸಿಯಾಗಿ, ನಸುಕಿನಲ್ಲಿ ಅನಿಲ ಸೋರಿ ನಿದ್ದೆಯಲ್ಲಿದ್ದ ಜನ ಸತ್ತರು. 2025ರ ಜೂನ್ 30ರಂದು ಬೀದರ್ ಪಕ್ಕದ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂನಲ್ಲಿ ಸಿಗಾಚಿ ಕಾರ್ಖಾನೆಯ ಸ್ಫೋಟಕ್ಕೆ 40ಕ್ಕೂ ಹೆಚ್ಚು ಮಂದಿ ಬಲಿಯಾದರು. ಅವರಲ್ಲಿ ಬಹಳ ಜನ ದೂರದ ರಾಜ್ಯಗಳಿಂದ ದುಡಿಯೋಕೆ ಬಂದವರು. ನಮ್ಮ ಹುಡುಗರು ಬಸ್ ಹತ್ತೋದೂ ಇದೇ ಪಟ್ಟಿಯ ಊರುಗಳಿಗೆ.

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಒಂದು ಹಕ್ಕು ಸೇರಿತು. ಅಪಾಯ ಕಂಡ್ರೆ ಕಾರ್ಮಿಕ ಅದನ್ನ ಆಡಳಿತದ ಗಮನಕ್ಕೆ ತರಬಹುದು, ಅವರು ತಕ್ಷಣ ಕ್ರಮ ಕೈಗೊಳ್ಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ನೇಮಕಾತಿ ಪತ್ರ ಕೊಡೋದು ಕಡ್ಡಾಯ. ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ. ಆದ್ರೆ ಒಂದು ಮಾತು ಗಮನಿಸಬೇಕು: ಮೇಲ್ವಿಚಾರಣೆ ಕೆಲಸ, ತಿಂಗಳಿಗೆ 18,000 ರೂ. ಮೀರಿದ ಸಂಬಳ ಇದ್ದವರು ಆ ಸಂಹಿತೆಯ "ಕಾರ್ಮಿಕ" ಅನ್ನೋ ಅರ್ಥದಿಂದ ಹೊರಗೆ. "ಎಕ್ಸಿಕ್ಯೂಟಿವ್" ಅಂತ ಹೆಸರು ಕೊಟ್ಟಾಗ ಖುಷಿಪಡೋ ಮುಂಚೆ ಓಟಿ ಸಿಗುತ್ತಾ ಅಂತ ಕೇಳಬೇಕು.

ಸೈನ್ಸ್ ಸಿಟಿ ಇದೆ, ಕಾರ್ಖಾನೆ ಇಲ್ಲ

ಚಳ್ಳಕೆರೆ ತಾಲ್ಲೂಕಿನಲ್ಲಿ ವಿಜ್ಞಾನಕ್ಕೆ ಬರ ಇಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ, ಉಳ್ಳಾರ್ತಿ ಕಾವಲಿನಲ್ಲಿ ಬಿಎಆರ್‌ಸಿ. ಅಮೃತ ಮಹಲ್ ಕಾವಲಿನ ಹುಲ್ಲುಗಾವಲು ಹೋಗಿದ್ದು ಇವುಗಳಿಗೇ. ಇವು ಸಂಶೋಧನೆ ಮತ್ತು ಪರೀಕ್ಷೆಯ ಜಾಗಗಳು, ಕಾಯಂ ವೈಜ್ಞಾನಿಕ ಹುದ್ದೆಗೆ ದೇಶದ ಮಟ್ಟದ ಸ್ಪರ್ಧೆ. ಊರು ಹತ್ತಿರ ಅಂತ ಕೆಲಸ ಸಿಗಲ್ಲ.

ಆದ್ರೂ ಒಂದು ಬಾಗಿಲನ್ನ ನಮ್ಮವರು ಹೆಚ್ಚು ತಟ್ಟಿದಂತಿಲ್ಲ. ಬಿಎಆರ್‌ಸಿ ಆಗಾಗ ಸ್ಟೈಪೆಂಡರಿ ಟ್ರೈನಿ ನೇಮಕಾತಿ ಕರೆಯುತ್ತೆ. ಶೇ 60 ಅಂಕದ ಬಿಎಸ್ಸಿ ಕೆಮಿಸ್ಟ್ರಿಯವರೂ ಅರ್ಜಿ ಹಾಕಬಹುದು. ತರಬೇತಿ ಜೊತೆಗೇ ಸ್ಟೈಪೆಂಡ್. ವಯೋಮಿತಿ ಕಡಿಮೆ ಇರೋದ್ರಿಂದ ಡಿಗ್ರಿ ಮುಗಿದ ವರ್ಷವೇ ತಯಾರಿ ಶುರು ಮಾಡಬೇಕು.

ದೊಡ್ಡ ಪ್ರಶ್ನೆಗೆ ಇದೇ ರಾಜ್ಯದ ಚರಿತ್ರೆಯಲ್ಲಿ ಉತ್ತರ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗೋದು ನಿಂತಾಗ ಮರ ಗೋದಾಮಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಅವರು ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ, ವ್ಯಾಟ್ಸನ್ ಅವರ ನೆರವಿಂದ ಇಲ್ಲೇ ಗಂಧದೆಣ್ಣೆ ತೆಗೆಸಿದರು. ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ಕನ್ನಡದ ಕೆಮಿಸ್ಟ್‌ನ ಸಾಬೂನು ತಂತ್ರ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹಾಗೆ. ಕಚ್ಚಾ ಮಾಲು, ವಿಜ್ಞಾನ ಸಂಸ್ಥೆ, ಸರ್ಕಾರದ ಮನಸ್ಸು ಮೂರೂ ಒಂದೇ ಕಡೆ ಕೂಡಿದಾಗ ಕೆಮಿಸ್ಟ್ ಕೆಲಸ ಊರಿಗೇ ಬಂತು.

ಚಳ್ಳಕೆರೆ, ಮೊಳಕಾಲ್ಮುರಿನಲ್ಲಿ ಶೇಂಗಾ ಇದೆ, ಸಂಸ್ಥೆ ಇದೆ. ಶೇಂಗಾದ ಅಫ್ಲಾಟಾಕ್ಸಿನ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡೋ ಲ್ಯಾಬು, ಗಾಣದೆಣ್ಣೆಯ ಕಲಬೆರಕೆ ಹಿಡಿಯೋ ಲ್ಯಾಬು, ಹಿಂಡಿಯಿಂದ ಪ್ರೋಟೀನ್ ಪುಡಿ ಮಾಡೋ ಸಣ್ಣ ಘಟಕ ಕೇಳೋದು ದೊಡ್ಡ ಬೇಡಿಕೆಯೇನಲ್ಲ. ಪ್ರತಿ ಚುನಾವಣೆಯಲ್ಲೂ ಶೇಂಗಾ ಬೆಂಬಲ ಬೆಲೆ ಮಾತು ಬರುತ್ತೆ, ಶೇಂಗಾ ಮೌಲ್ಯವರ್ಧನೆಯಲ್ಲಿ ಬಿಎಸ್ಸಿ ಮಕ್ಕಳಿಗೆ ಕೆಲಸ ಅನ್ನೋ ಮಾತು ಬರಲ್ಲ.

ಸೇರೋ ಮುಂಚೆ ಕೇಳಿ

ಅಲ್ಲಿವರೆಗೆ ಬಸ್ ಹತ್ತಲೇಬೇಕಾದವರು ಕನಿಷ್ಠ ಇಷ್ಟು ಕೇಳಬೇಕು. ನೇಮಕ ಕಂಪನಿಯದ್ದಾ, ಗುತ್ತಿಗೆದಾರನದ್ದಾ? ಕ್ಯೂಸಿನಾ, ಪ್ರೊಡಕ್ಷನ್ನಾ? ಪಿಎಫ್ ನಂಬರ್ ಯಾವಾಗ ಸಿಗುತ್ತೆ? ಬಳಸೋ ರಾಸಾಯನಿಕಗಳ ಸುರಕ್ಷತಾ ಹಾಳೆ ಕೊಡ್ತಾರಾ? ಮೂಲ ಅಂಕಪಟ್ಟಿ ಇಟ್ಕೊಳ್ತೀವಿ, ಬಾಂಡ್ ಬರೆದುಕೊಡಿ ಅಂದ್ರೆ ಯಾಕೆ?

ಕಾಲೇಜುಗಳೂ ಒಂದು ಕೆಲಸ ಮಾಡಬಹುದು. ಈಗಾಗಲೇ ಪ್ಲಾಂಟ್‌ಗಳಲ್ಲಿ ಇರೋ ಹಳೇ ವಿದ್ಯಾರ್ಥಿಗಳನ್ನ ವರ್ಷಕ್ಕೊಮ್ಮೆ ಕರೆಸಿ ಅಂತಿಮ ವರ್ಷದ ಮಕ್ಕಳ ಮುಂದೆ ಕೂರಿಸಿದ್ರೆ ಸಾಕು. ಖರ್ಚು ಒಂದು ಊಟ, ಒಂದು ಬಸ್ ಚಾರ್ಜು. ಸಂಬಳ ಎಷ್ಟು, ಬಿಸಿ ಎಷ್ಟು, ಅಪಾಯ ಎಷ್ಟು ಅಂತ ಅವರೇ ಹೇಳ್ತಾರೆ. ಯಾವ ಬಾಗಿಲು ತಟ್ಟಬೇಕು ಅನ್ನೋದನ್ನ ಆಮೇಲೆ ಮಕ್ಕಳೇ ತೀರ್ಮಾನ ಮಾಡ್ಕೊಳ್ತಾರೆ.