ಗುಡ್ಡದ ನೀರು ಗುಡ್ಡದಲ್ಲೇ ನಿಲ್ಲಲಿ

ಬಲಸಮುದ್ರ: ಬಯಲುಸೀಮೆಯ ಊರುಗಳ ಹೆಸರಿನ ಕೊನೆಯಲ್ಲಿ ಬರುವ ‘ಸಮುದ್ರ’ ಸಾಮಾನ್ಯವಾಗಿ ಕೆರೆಯನ್ನು ಸೂಚಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೆಸರು ಉಳಿದಿದೆ. ನೀರು ಪಾತಾಳ ಸೇರಿದೆ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಮಧುಗಿರಿ, ಕೊರಟಗೆರೆಗಳು ಪದೇ ಪದೇ ಕಾಣಿಸಿಕೊಂಡಿವೆ.

ಪರಿಹಾರವಾಗಿ ಮುಂದಿಟ್ಟಿರುವುದು ಎತ್ತಿನಹೊಳೆ. 23 ಸಾವಿರ ಕೋಟಿ ರೂಪಾಯಿಗೂ ಅಧಿಕ ವೆಚ್ಚದ ಈ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆಯಿತು. ಆದರೆ ಊರಿನ ಗುಡ್ಡದ ಮೇಲೆ ಬೀಳುವ ಮಳೆಯ ಲೆಕ್ಕ ಇಟ್ಟವರು ಕಡಿಮೆ.

ಒಂದು ಹೆಕ್ಟೇರಿನಲ್ಲಿ ಒಂದು ಮಿ.ಮೀ. ಮಳೆ ಎಂದರೆ 10 ಸಾವಿರ ಲೀಟರ್. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ 500 ಹೆಕ್ಟೇರಿನ ಒಂದು ಕಿರು ಜಲಾನಯನದ ಮೇಲೆ ಸುರಿಯುವುದು 300 ಕೋಟಿ ಲೀಟರ್. ಇದೆಲ್ಲವನ್ನೂ ಹಿಡಿಯಲಾಗದು. ಆದರೆ ಬೋಳು ಇಳಿಜಾರಿನಲ್ಲಿ ಮಳೆನೀರು ಮಣ್ಣನ್ನೂ ಕೊಚ್ಚಿಕೊಂಡು ಹೋಗಿ ಕೆರೆಯಲ್ಲಿ ಹೂಳು ತುಂಬಿಸುತ್ತದೆ. ಹುಲ್ಲು, ಪೊದೆ, ತರಗೆಲೆಗಳಿದ್ದರೆ ಅದೇ ನೀರು ನಿಧಾನವಾಗಿ ನೆಲಕ್ಕಿಳಿಯುತ್ತದೆ.

ಸುಜಲದ ಪಾಠ

ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ 2001ರಲ್ಲಿ ಆರಂಭವಾಗಿ 2009ರಲ್ಲಿ ಮುಗಿಯಿತು. ತುಮಕೂರು ಸೇರಿದಂತೆ ಐದು ಜಿಲ್ಲೆಗಳಲ್ಲಿ ಇದು ಜಾರಿಗೊಂಡಿತ್ತು. ಜಲಾನಯನದ ಕೆಲಸ ನೆತ್ತಿಯಿಂದ ಕಣಿವೆಯತ್ತ ಸಾಗಬೇಕು ಎಂಬುದು ಇದರ ಮೂಲ ತತ್ವ. ಉಪಗ್ರಹ ಚಿತ್ರಗಳ ಮೂಲಕ ಪ್ರಗತಿಯ ಮೇಲೆ ನಿಗಾ ಇಡಲಾಗಿತ್ತು.

ತೊಡಕಿರುವುದು ಗಡಿಕಲ್ಲಿನಲ್ಲಿ. ನೆತ್ತಿಯ ಕಾಡು ಅರಣ್ಯ ಇಲಾಖೆಯದು, ಕೆಳಗಿನ ಹೊಲ ಜಲಾನಯನ ಇಲಾಖೆಯ ಕಾರ್ಯಕ್ಷೇತ್ರ, ಕೆರೆ ಮತ್ತೊಂದು ಇಲಾಖೆಯದು. ನೀರಿಗೆ ಈ ಗಡಿ ತಿಳಿಯದು. ಗುಡ್ಡವನ್ನು ಬಿಟ್ಟು ಕೆರೆಯ ಹೂಳನ್ನಷ್ಟೇ ತೆಗೆದರೆ ಮುಂದಿನ ಮಳೆಗಳು ಮತ್ತೆ ಹೂಳು ತರುತ್ತವೆ.

ಗಿಡ ನೆಡುವುದಷ್ಟೇ ಅಲ್ಲ

ಪುನಶ್ಚೇತನವೆಂದರೆ ಗುಂಡಿ ತೋಡಿ ಸಸಿ ನೆಡುವುದೆಂಬ ಭಾವನೆಯೂ ಬದಲಾಗಬೇಕಿದೆ. ದಶಕಗಳ ಕಾಲ ಬಯಲುಸೀಮೆಯಲ್ಲಿ ನೀಲಗಿರಿ ಬೆಳೆಸಿದ ಸರ್ಕಾರವೇ 2017ರಲ್ಲಿ ಅದರ ಹೊಸ ನೆಡುವಿಕೆಯನ್ನು ನಿಷೇಧಿಸಿತು. ಈ ಸೀಮೆಯ ಸಹಜ ಸಂಪತ್ತು ಕುರುಚಲು ಕಾಡು ಮತ್ತು ಹುಲ್ಲುಗಾವಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು, ಶಿರಾದ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಅಭಯಾರಣ್ಯ ಪಡೆದ ಚಿಂಕಾರಗಳು ಇದಕ್ಕೆ ಸಾಕ್ಷಿ. ಇಲ್ಲಿ ಬೇಸಿಗೆಯ ಬೆಂಕಿ ತಡೆದು, ಮೇಯಿಸುವಿಕೆಯನ್ನು ಸರದಿಗೆ ಒಳಪಡಿಸಿ, ಕೊರಕಲುಗಳಿಗೆ ಕಲ್ಲಿನ ತಡೆ ಒಡ್ಡಿದರೆ ಹಸಿರು ತಾನಾಗಿ ಮರಳುವ ಅವಕಾಶವಿದೆ.

ಇದು ಕುರಿಗಾಹಿಗಳ ಒಪ್ಪಿಗೆಯಿಲ್ಲದೆ ಆಗದು. ಬೇಲಿ ಹಾಕಿ ಅವರನ್ನು ಹೊರದಬ್ಬಿದರೆ ಸಂಘರ್ಷ ಖಚಿತ. ಗ್ರಾಮಸ್ಥರನ್ನು ಪಾಲುದಾರರನ್ನಾಗಿಸುವ ಜಂಟಿ ಅರಣ್ಯ ಯೋಜನೆಯ ಆದೇಶ 1993ರಲ್ಲೇ ಹೊರಬಿದ್ದಿದೆ. ಗ್ರಾಮ ಅರಣ್ಯ ಸಮಿತಿಗಳಿಗೆ ಹುಲ್ಲಿನ ಹಕ್ಕು ಹಾಗೂ ನಿರ್ವಹಣೆಗೆ ಹಣ ನೀಡುವ ಇಚ್ಛಾಶಕ್ತಿ ಬೇಕು.

ದೂರದ ಹೊಳೆಯ ನೀರು ಬಂದರೂ ಅದನ್ನು ಹಿಡಿಯಲು ಹೂಳಿಲ್ಲದ ಕೆರೆ ಬೇಕು. ಆ ಕೆರೆಯ ಭವಿಷ್ಯ ತೀರ್ಮಾನವಾಗುವುದು ಗುಡ್ಡದ ಮೇಲೆ.