ಪೀಠ ಹತ್ತಿರ, ದೇವರು ದೂರ



ಭಾನುವಾರ ಗಂಟೆ ಬಾರಿಸಿದ ಕೂಡಲೇ ಇಗರ್ಜಿಗೆ ಓಡೋರು, ಮುಂದಿನ ಬೆಂಚಲ್ಲಿ ಕೂರೋರು, ಕೈಯಲ್ಲಿ ಜಪಸರ, ಕೊರಳಲ್ಲಿ ಶಿಲುಬೆ ಇರೋರು ದೇವರಿಗೆ ಹತ್ತಿರವಂತೆ. ಎಷ್ಟು ಹತ್ತಿರ ಸ್ವಾಮಿ? ಎಷ್ಟು ಮೊಳ?

ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಅಳೆದು ನೋಡೋಣ. ಅಲ್ಲಿನ ಇಗರ್ಜಿಯನ್ನು 19ನೆಯ ಶತಮಾನದಲ್ಲಿ ಷರಾಯಿಯ ಎರಡು ಕಾಲಿನಂತೆ ಕಟ್ಟಿದರು. ಒಂದು ಕಾಲು ವೆಳ್ಳಾಳರಿಗೆ, ಇನ್ನೊಂದು ನಾಡಾರರು ಮತ್ತಿತರರಿಗೆ. ನಡುವೆ ಗೋಡೆ. ಎರಡೂ ಕಡೆಯವರಿಗೆ ಬಲಿಪೀಠ ಕಾಣಬೇಕು. ಒಬ್ಬರಿಗೊಬ್ಬರ ಮುಖ ಮಾತ್ರ ಕಾಣಬಾರದು! 1910ರಲ್ಲಿ ಪಾದ್ರಿಗಳೇ ಆ ಗೋಡೆ ಒಡೆಸಿದಾಗ ಮೇಲುಜಾತಿ ಭಕ್ತರು ಮೊಣಕಾಲೂರಿ ಪಶ್ಚಾತ್ತಾಪ ಪಟ್ಟರೇ? ಇಲ್ಲ. ಬೇರೆ ಕೂರುವುದು ನಮ್ಮ ಹಕ್ಕು ಅಂತ ಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ ಮದ್ರಾಸ್ ಹೈಕೋರ್ಟಿನಲ್ಲಿ ಸೋತರು.

ಪೀಠಕ್ಕೆ ಹತ್ತಿರವಿದ್ದರು, ನಿಜ. ದೇವರನ್ನು ಬಲ್ಲವರಾಗಿದ್ದರೇ?

ಹಳೇ ಕತೆ ಬಿಡಿ ಅನ್ನಬೇಡಿ. ತಿರುಚಿನಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ದಶಕಗಳ ಕಾಲ ನಿಂತಿತ್ತು. ಸತ್ತವರು ಎದ್ದುಬರುತ್ತಾರೆ ಅಂತ ನಂಬುವವರು, ಯಾರು ಯಾವ ಕಡೆಯಿಂದ ಏಳಬೇಕೆಂದೂ ತೀರ್ಮಾನ ಮಾಡಿಟ್ಟಿದ್ದರು! 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿಯೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ, ಅಸ್ಪೃಶ್ಯತೆ ಸಭೆಯೊಳಗೇ ಉಂಟೆಂದು ಒಪ್ಪಿಕೊಂಡಿತು.

ಅತ್ತ ಸರ್ಕಾರ 1950ರ ಆದೇಶ ಹಿಡಿದು, ಕ್ರೈಸ್ತನಾದರೆ ನೀನು ಪರಿಶಿಷ್ಟ ಜಾತಿಯವನಲ್ಲ ಅನ್ನುತ್ತದೆ. ಇತ್ತ ಪಕ್ಕದ ಬೆಂಚಿನವನು, ಏನಾದರೂ ನೀನು ಅದೇ ಜಾತಿ ಅನ್ನುತ್ತಾನೆ. ಮನುಷ್ಯ ಹೋಗೋದೆಲ್ಲಿಗೆ?

ಇದನ್ನೋದಿ ಮಠ ಮಂದಿರದವರು ಹಲ್ಲು ಕಿರಿಯಬೇಡಿ. ಆ ಗೋಡೆಯ ಇಟ್ಟಿಗೆ ಬೆಂದದ್ದು ನಿಮ್ಮ ಗೂಡಲ್ಲೇ.

ಭಕ್ತಿ ಬೇರೆ, ಜಾತಿ ಬೇರೆ ಅಂತಾರೆ ಕೆಲವರು. ಹಾಗಾದರೆ ಸಮಾರ್ಯದ ಬಾವಿಕಟ್ಟೆಯಲ್ಲಿ ಬಾಯಾರಿ ಕೂತ ಏಸು ಏನು ಮಾಡಿದ? ಯೆಹೂದ್ಯರು ಹತ್ತಿರ ಸೇರಿಸದ ಕುಲದ ಹೆಂಗಸಿನ ಕೈಯಿಂದ ನೀರು ಕೇಳಿದ. ಉಪದೇಶ ಆಮೇಲೆ; ಮೊದಲು ನೀರು. ಆ ದಾಹ ಬಲ್ಲವನು ಇನ್ನೊಬ್ಬನಿಗೆ ಬೇರೆ ಲೋಟ ಇಡಲಾರ. ಇಟ್ಟವನು ಸಾವಿರ ಜಪಸರ ಎಣಿಸಿದರೂ ಮಣಿ ಎಣಿಸಿದ ಅಷ್ಟೆ.

ಕೇಳೋದಕ್ಕೆ ನಾವ್ಯಾರು? ಹೆಬ್ಬೆಟ್ಟು ಒತ್ತಿದ ಅಪ್ಪ ಅವ್ವಂದಿರ ಮಕ್ಕಳು. ನಮ್ಮಲ್ಲಿ ಎಷ್ಟೋ ಜನರ ಕೈಗೆ ಮೊದಲ ಸ್ಲೇಟು ಕೊಟ್ಟದ್ದು ಮಿಷನ್ ಶಾಲೆ. ಆ ಋಣ ಇರೋದರಿಂದಲೇ ಕೇಳ್ತಿದ್ದೇವೆ. ಅಕ್ಷರ ಕೊಟ್ಟವರೇ, ಆ ಅಕ್ಷರ ಕೇಳೋ ಪ್ರಶ್ನೆಗೂ ಉತ್ತರ ಕೊಡಿ.

ಮುಂದಿನ ಭಾನುವಾರ ಪೀಠ ನೋಡೋ ಮೊದಲು ಪಕ್ಕ ನೋಡಿ. ಯಾರು ಇಲ್ಲ, ಎಣಿಸಿ. ಎದ್ದು ಅವನ ಕೇರಿಗೆ ನಡೆಯಿರಿ. ಅವನ ಮನೆಯ ಮಡಕೆಯ ನೀರು ಕೇಳಿ ಕುಡಿಯಿರಿ. ನೀವು ಹುಡುಕುತ್ತಿರೋನು ಆ ಜಗಲಿಯಲ್ಲೇ ಕೂತಿರಬಹುದು.