ಮೊದಲು ಪವರ್ ಸಪ್ಲೈ, ಆಮೇಲೆ ಲೈಟು

ಕಾಲೇಜಲ್ಲಿದ್ದಾಗ ಕೈಗೆಟುಕದ ಗೇಮಿಂಗ್ ಪಿಸಿನ ಈಗಲಾದರೂ ಕಟ್ಟೋಣ ಅಂತ 60,000 ರೂಪಾಯಿ ಎತ್ತಿಟ್ಟು, ಒಂದು ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ.

ಗೇಮ್‌ಗೆ ಮುಖ್ಯ ಗ್ರಾಫಿಕ್ಸ್ ಕಾರ್ಡ್, ಹಾಗಾಗಿ ಬಜೆಟ್‌ನ ದೊಡ್ಡ ಪಾಲು ಅದಕ್ಕೆ. ಪ್ರೊಸೆಸರ್ ರೈಜೆನ್ 5 5600. 6 ಕೋರ್ ಸಾಕು. ಆದರೆ ಇದರಲ್ಲಿ ಗ್ರಾಫಿಕ್ಸ್ ಇಲ್ಲ. 'ಕಾರ್ಡ್ ಮುಂದಿನ ತಿಂಗಳು ತಗೊಳ್ಳೋಣ' ಅಂದ್ರೆ ಅಲ್ಲೀವರೆಗೆ ಸ್ಕ್ರೀನ್ ಕಪ್ಪಾಗೇ ಇರುತ್ತೆ. ರ್‍ಯಾಮ್ 16 ಜಿಬಿಯದ್ದು ಒಂದೇ ಬದಲು 8 ಜಿಬಿಯದ್ದು ಎರಡು ಹಾಕಿ. ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತೆ.

ಇಷ್ಟೆಲ್ಲ ಓದ್ಕೊಂಡು ಹೋದವನು ಎಡವಿದ್ದು ಪವರ್ ಸಪ್ಲೈನಲ್ಲಿ. ಬಣ್ಣದ ಲೈಟಿನ ಕ್ಯಾಬಿನೆಟ್ ಆಸೆಗೆ ಬಿದ್ದು, ಎರಡು ಸಾವಿರ ಉಳಿಸೋಕೆ ಹೆಸರೇ ಇಲ್ಲದ್ದೊಂದನ್ನು ತಂದೆ. ಮೂರನೇ ತಿಂಗಳು, ಆಟದ ಮಧ್ಯೆ 'ಟಪ್' ಅಂತ ಸದ್ದು, ಸುಟ್ಟ ವಾಸನೆ. ಜೊತೆಗೆ ಮದರ್‌ಬೋರ್ಡೂ ಹೋಯ್ತು.

ಅಪ್ಪ ಬಂದು ನೋಡಿದ್ರು. "ಮನೆ ಕಟ್ಟೋವಾಗ ಬಣ್ಣದಲ್ಲಿ ಉಳಿಸ್ಬೇಕು ಕಣೋ, ವೈರಿಂಗ್‌ನಲ್ಲಲ್ಲ" ಅಂದ್ರು. ಇಂಜಿನಿಯರ್ ಮಗ ಸುಮ್ಮನಿದ್ದೆ.

ಎರಡನೇ ಸಲ ಪಟ್ಟಿ ಬರೆದಾಗ ಮೊದಲ ಸಾಲು 5 ವರ್ಷ ವಾರಂಟಿಯ ಪವರ್ ಸಪ್ಲೈ, ಕೊನೇದು ಲೈಟು. ಲೈಟು ಇನ್ನೂ ಬಂದಿಲ್ಲ. ಗೇಮ್ ಮಾತ್ರ ಚೆನ್ನಾಗಿ ಓಡ್ತಿದೆ.